ಎಲೆ ಮಡಚಬೇಡ, ಚಂದ್ರಹಾಸ!

ಫಟಾರ್!

ಸಾರಿನ ಸೌಟು ನೇರವಾಗಿ ಅವನ ಕೆನ್ನೆಗೇ ಬಿತ್ತು. ಬಿಸಿ ಸಾರು ಕಾಲರಿನೊಳಗೆ ಇಳಿಯಿತು.

"ಇದೇನು ಗರಡಿ ಮನೆ ಅಂದ್ಕೊಂಡ್ಯಾ? ಕೌಂಟರ್ ಗಾಜು ಒಡೆದು ಹಾಕಿದ್ಯಲ್ಲೋ ರೌಡಿ!"

ತನುಶ್ರೀ ಸೌಟು ಎತ್ತಿ ಹಿಡಿದೇ ಕೂಗಿದಳು. ಅವಳ ಕಾಲ ಬಳಿ ಟಿಪ್ಪರ್ ಡ್ರೈವರೊಬ್ಬ ಮೂಗಿನ ರಕ್ತ ಒರೆಸಿಕೊಳ್ಳುತ್ತಾ ಗಾಜಿನ ಚೂರುಗಳ ನಡುವೆ ಬಿದ್ದಿದ್ದ. ಅವನನ್ನು ಎತ್ತಿ ಎಸೆದವನು ಮಾತ್ರ ಕೆನ್ನೆ ಹಿಡಿದುಕೊಂಡು ನಿಂತಿದ್ದ.

ಅಲ್ಲ, ಒಂದು ಮಾತಾದರೂ ಆಡಬೇಡವೇ ಮನುಷ್ಯ? ಆಡಲಿಲ್ಲ. ಹೊರಟೇ ಹೋದ.

ಅವಳು ಬಗ್ಗಿ ಬಡಿಸುತ್ತಿದ್ದಾಗ, ಉಂಡು ಎದ್ದ ಆ ಡ್ರೈವರ್ ಹಿಂದಿನಿಂದ ಅವಳ ದುಪಟ್ಟಾಗೆ ಕೈ ಹಾಕಿದ್ದನಂತೆ. ಪಕ್ಕದ ಟೇಬಲಿನವರು ಹೇಳಿದ ಮೇಲಷ್ಟೇ ಅವಳಿಗೆ ತಿಳಿದದ್ದು.

'ಅಯ್ಯೋ ದೇವರೇ... ಕಾಪಾಡಿದವನಿಗೇ ಹೊಡೆದೆನಾ?'

ಮರುದಿನ ಅವನೇ ಹೊಸ ಗಾಜು ತಂದು, ತಾನೇ ಕೂರಿಸಿ, ಕೈ ತೊಳೆದು ಊಟಕ್ಕೆ ಕೂತ. ಕೆನ್ನೆಯ ಮೇಲೆ ಕೆಂಪು ಗುರುತು ಹಾಗೇ ಇತ್ತು.

"ಸಾರನ್ನ ಇವತ್ತು ಎಲೆಗೇ ಹಾಕಿ ಮೇಡಂ, ಸಾಕು."

ತನುಶ್ರೀ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು.

ಅವನ ಹೆಸರು ಚಂದ್ರಹಾಸ. ಶಿವಮೊಗ್ಗದ ದುರ್ಗಿಗುಡಿಯವನು, ಏರ್‌ಪೋರ್ಟ್ ಕೆಲಸದ ಸೂಪರ್‌ವೈಸರ್.

ಎರಡು ಸಾವಿರದ ಒಂಬತ್ತರ ಮಾತು. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ವಿಮಾನ ಇಳಿಯುತ್ತದಂತೆ ಎಂದು ನೆಲ ಅಗೆಯುತ್ತಿದ್ದ ಕಾಲ. ವಿಮಾನ ಬಂದಿರಲಿಲ್ಲ, ಅದು ಓಡುವ ದಾರಿಯೂ ಆಗಿರಲಿಲ್ಲ, ವಿಶಾಲಮ್ಮನ 'ಏರ್‌ಪೋರ್ಟ್ ಹೋಟೆಲ್' ಮಾತ್ರ ಬಂದುಬಿಟ್ಟಿತ್ತು! ಕೂಸು ಹುಟ್ಟೋ ಮೊದಲೇ ಕುಲಾವಿ ಅಂತ ಜನ ನಕ್ಕರು. ನಕ್ಕವರೇ ಮಧ್ಯಾಹ್ನವಾದರೆ ಬಂದು ಕೂತು ಉಂಡರು. ಗಂಡ ಚೌಡಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡ ಮೇಲೆ ಮಗಳು ತನುಶ್ರೀಯನ್ನು ಕಟ್ಟಿಕೊಂಡು ವಿಶಾಲಮ್ಮ ಹಾಕಿದ ಹೋಟೆಲ್ ಅದು.

ಟಿಪ್ಪರ್‌ಗಳ ಜನ, ದಿನಾ ಹೊಡೆದಾಟ. ಅದಕ್ಕೇ ವಿಶಾಲಮ್ಮ ಒಂದು ಕಟ್ಟಳೆ ಮಾಡಿದ್ದಳು. "ಎಲೆ ಮುಂದೆ ಕೂತೋನ ಮೈ ಯಾರೂ ಮುಟ್ಟಂಗಿಲ್ಲ. ಎಲೆ ಮಡಚಿ ಎದ್ದ ಮೇಲೆ ಹೊರಗೆ ಹೋಗಿ ಏನಾದ್ರೂ ಮಾಡ್ಕೊಳ್ಳಿ." ಎಂಥೆಂಥ ಪುಂಡರೂ ಆ ಮಾತಿಗೆ ತಲೆ ಬಾಗುತ್ತಿದ್ದರು. ಅವಳ ಕೈಯ ಅನ್ನ ಉಂಡವರಲ್ಲವೇ!

ಚಂದ್ರಹಾಸ ದಿನಾ ಬಂದ. ದಿನಾ ಅದೇ ಮೂಲೆಯ ಟೇಬಲ್. ತನುಶ್ರೀ ಕೇಳದೆಯೇ ಎರಡನೇ ಸಲ ಹಪ್ಪಳ ಹಾಕುತ್ತಿದ್ದಳು. ಅವನು ಬೇಡ ಅನ್ನುತ್ತಿರಲಿಲ್ಲ. ಅಷ್ಟೇ... ಆ ಅಷ್ಟರಲ್ಲೇ ಅವಳ ಮನಸ್ಸು ಅವನ ಪಾಲಾಗಿತ್ತು.

ಆಮೇಲೆ ಒಂದು ಬೆಳಿಗ್ಗೆ ತನುಶ್ರೀಯ ಅಣ್ಣ ಹಾಲೇಶ್ ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ. ಏರ್‌ಪೋರ್ಟ್ ಸೈಟಿಗೆ ಬಾಡಿಗೆಗೆ ಟಿಪ್ಪರ್ ಬಿಟ್ಟಿದ್ದ ಮನುಷ್ಯ.

"ಆ ಚಂದ್ರಹಾಸ ಹಿಂದಿನಿಂದ ಬಂದು ರಾಡಲ್ಲಿ ಬಾರಿಸ್ದ ಕಣೇ ತನು! ಮಾಮೂಲಿ ಕೊಡ್ಲಿಲ್ಲ ಅಂತ!"

ಅವಳ ಎದೆ ಒಡೆದೇಹೋಯಿತು. ಆ ಮಧ್ಯಾಹ್ನ ಚಂದ್ರಹಾಸ ಎಂದಿನಂತೆ ಬಂದು ಕೂತಾಗ ಹಾಕಿದ್ದ ಎಲೆಯನ್ನೇ ಎಳೆದುಕೊಂಡಳು.

"ನಿಮ್ಮಂಥೋರಿಗೆ ಇಲ್ಲಿ ಊಟ ಇಲ್ಲ. ಹೋಗಿ!"

"ಒಂದು ಮಾತು ಕೇಳಿ..."

"ಹೋಗಿ ಅಂದ್ನಲ್ಲ!"

ಹೋದ. ಹನ್ನೆರಡು ದಿನ ಅವನ ನೆರಳೂ ಸುಳಿಯಲಿಲ್ಲ. ಅವಳು ಪ್ರತಿ ಮಧ್ಯಾಹ್ನ ಬಾಗಿಲು ನೋಡಿದಳು, ನೋಡಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಹದಿಮೂರನೇ ದಿನ ಬಂದ... ಬಂದ ರೀತಿ ನೋಡಿ ತನುಶ್ರೀಯ ಕೈಯಲ್ಲಿದ್ದ ನೀರಿನ ಜಗ್ ಜಾರಿ ಬಿತ್ತು.

ತಲೆ ಒಡೆದಿತ್ತು. ಕಿವಿಯ ಹಿಂದಿನಿಂದ ರಕ್ತ ಸುರಿದು ಅಂಗಿ ಎದೆಗೆ ಅಂಟಿತ್ತು. ಬಲಗೈಯ ಬೆರಳುಗಳು ಜಜ್ಜಿಹೋಗಿದ್ದವು. ತೂರಾಡುತ್ತಾ ಮೂಲೆಯ ಟೇಬಲಿಗೆ ಬಂದು ಕುಸಿದ.

"ಊಟ... ಕೊಡಿ."

ಹಿಂದೆಯೇ ಹಾಲೇಶ್! ಬಲಗೈಯಲ್ಲಿ ಕಬ್ಬಿಣದ ರಾಡು. ಬೆನ್ನಿಗೆ ಐದು ಜನ. ಉಣ್ಣುತ್ತಿದ್ದ ಗಿರಾಕಿಗಳೆಲ್ಲ ಎದ್ದು ಓಡಿದರು.

ಗಲ್ಲಾದಲ್ಲಿ ಕೂತಿದ್ದ ವಿಶಾಲಮ್ಮ ಎದ್ದು ಬಂದು ಚಂದ್ರಹಾಸನ ಮುಂದೆ ಎಲೆ ಹಾಕಿದಳು. ಹಾಲೇಶ್ ಹೊಸ್ತಿಲಲ್ಲೇ ನಿಂತ.

"ಉಣ್ಲಿ ಬಿಡ್ರೋ. ಕಡೇ ಊಟ. ಎಲೆ ಮಡಚಿದ ಕೂಡ್ಲೇ ಎರಡೂ ಕಾಲು ಮುರೀತೀನಿ. ಹೆಂಗ್ ಹೋಗಿ ಹೇಳಿಕೆ ಕೊಡ್ತಾನೋ ನೋಡ್ತೀನಿ!"

ಹೇಳಿಕೆ? ಯಾವ ಹೇಳಿಕೆ? ತನುಶ್ರೀ ಅನ್ನ ತರಲು ಒಳಗೆ ಹೋದಳು. ಪಾತ್ರೆ ತೊಳೆಯುವ ಚಿನ್ನಮ್ಮ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ತನಮ್ಮಾ, ನಿಮ್ಮಣ್ಣ ಹೇಳಿದ್ದೆಲ್ಲಾ ಸುಳ್ಳು! ಸೈಟಲ್ಲಿ ಇವ್ರೇ ಕಬ್ಬಿಣ ಕದೀತಿದ್ರು. ನನ್ ಗಂಡ ನಾಗಯ್ಯ ವಾಚ್‌ಮನ್ನು, ಅಡ್ಡ ಹೋದ. ಕೆಳಗೆ ಕೆಡವಿ ತುಳಿದ್ರು ತಾಯಿ! ಆ ಪುಣ್ಯಾತ್ಮ ಚಂದ್ರಹಾಸ ಸಾಹೇಬ್ರು ಬರ್ದೇ ಇದ್ದಿದ್ರೆ ನನ್ ತಾಳಿ ಉಳೀತಿರ್ಲಿಲ್ಲ. ರಾಡು ಕಿತ್ಕೊಳ್ಳೋ ಜಗ್ಗಾಟದಲ್ಲಿ ನಿಮ್ಮಣ್ಣನ ಕೈ ಮುರೀತು."

"ಇಷ್ಟು ದಿನ ಯಾಕ್ ಹೇಳ್ಲಿಲ್ಲ ಚಿನ್ನಕ್ಕಾ?"

"ಬಾಯಿ ಬಿಟ್ರೆ ನಿನ್ ಗಂಡನ್ನ ಆಸ್ಪತ್ರೇಲೇ ಮುಗಿಸ್ತೀನಿ ಅಂದಿದ್ದ ನಿಮ್ಮಣ್ಣ. ಸಾಹೇಬ್ರು ಇವತ್ತು ಪೊಲೀಸ್ರಿಗೆ ಎಲ್ಲಾ ಹೇಳೋಕೆ ಹೊರಟಿದ್ರು..."

ತನುಶ್ರೀ ಅನ್ನದ ಪಾತ್ರೆ ಕೆಳಗಿಟ್ಟಳು. 'ನಾನು ಅವರ ಎಲೆ ಕಿತ್ತುಕೊಂಡೆ... ಒಂದು ಮಾತು ಕೇಳಿ ಅಂದರೂ ಕೇಳಲಿಲ್ಲ!'

ಒಡಹುಟ್ಟಿದ ಅಣ್ಣ. ಸಣ್ಣವಳಿದ್ದಾಗ ಹೆಗಲ ಮೇಲೆ ಹೊತ್ತು ತಿರುಗಿದವನು. ಆದರೂ ಮೊಬೈಲ್ ತೆಗೆದು ಪೊಲೀಸರಿಗೆ ಫೋನ್ ಮಾಡಿದಳು.

"ಬರ್ತೀವಿ, ಅರ್ಧ ಗಂಟೆ ಆಗುತ್ತೆ" ಎಂದರು.

ಅರ್ಧ ಗಂಟೆ! ಅಷ್ಟು ಹೊತ್ತು ಅವನು ಎಲೆ ಬಿಟ್ಟು ಏಳಬಾರದು.

ಅನ್ನ ಬಡಿಸುತ್ತಾ ಬಗ್ಗಿ ಪಿಸುಗುಟ್ಟಿದಳು.

"ಪೊಲೀಸ್ರು ಬರ್ತಿದಾರೆ. ಅರ್ಧ ಗಂಟೆ. ನಿಧಾನಕ್ಕೆ ಉಣ್ಣಿ."

"ರೌಡಿಗೆ ಊಟ ಇಲ್ಲ ಅಂದಿದ್ರಿ?"

"ನನ್ನ ಬೈಯೋದಿದ್ರೆ ಆಮೇಲೆ ಬೈರಿ. ಈಗ ಉಣ್ಣಿ, ಕೈ ಮುಗೀತೀನಿ..."

ಅವನು ಜಜ್ಜಿದ ಬೆರಳುಗಳಿಂದಲೇ ತುತ್ತು ಕಲಸಿದ. ಹೊರಗೆ ಧಡ್! ಅವನ ಬೈಕಿನ ಹೆಡ್‌ಲೈಟು ಪುಡಿಯಾಯಿತು. ಇನ್ನೊಂದು ತುತ್ತು. ಧಡ್! ಟ್ಯಾಂಕು ನುಗ್ಗಾಯಿತು. ಅವಳು ಸಾರು ಬಡಿಸಿದಳು, ಹುಳಿ ಬಡಿಸಿದಳು, ಮತ್ತೆ ಅನ್ನ, ಮತ್ತೆ ಪಲ್ಯ. ಹಣೆಯಿಂದ ಜಿನುಗಿದ ರಕ್ತ ಎಲೆಯ ಅಂಚಿಗೆ ತೊಟ್ಟಿಕ್ಕಿತು. ಗೋಡೆ ಗಡಿಯಾರದ ಮುಳ್ಳು ಸತ್ತಂತೆ ಕೂತಿತ್ತು.

"ಏನ್ ಮದುವೆ ಊಟನಾ?" ಹಾಲೇಶ್ ಕುಡಿಯುವ ನೀರಿನ ಡ್ರಮ್ಮನ್ನು ಒದ್ದು ಉರುಳಿಸಿದ. "ಎಷ್ಟ್ ಸಲ ಬಡಿಸ್ತೀಯೇ!"

"ಹೊಟ್ಟೆ ತುಂಬೋವರ್ಗೂ ಬಡಿಸ್ತೀನಿ. ಇದು ಹೋಟೆಲ್!"

ಮೂರನೇ ಸಲದ ಅನ್ನಕ್ಕೆ ಅವನ ಬೆರಳು ಸೋತವು. ತುತ್ತು ಜಾರಿ ಎಲೆಗೆ ಬಿತ್ತು. ಕೈ ಏಳಲೇ ಇಲ್ಲ.

"ನಿಲ್ಲಿಸ್ದ! ಮುಗೀತು ಕಣ್ರೋ ಊಟ!" ಹಾಲೇಶ್ ಒಳಗೆ ಕಾಲಿಟ್ಟ.

ಚಂದ್ರಹಾಸ ಅವಳ ಮುಖ ನೋಡಿದ. "ಬಿಡಿ ತನುಶ್ರೀ. ನಾನೇ ಹೊರಗೆ ಹೋಗ್ತೀನಿ. ನಿಮ್ಮ ಹೋಟೆಲ್ ಪುಡಿ ಮಾಡ್ತಾರೆ, ಅಮ್ಮ ಬೇರೆ ಇದಾರೆ..."

ಎಡಗೈಯಿಂದ ಎಲೆಯ ಅಂಚು ಎತ್ತಿದ.

ಅವಳು ಅಂಗೈ ಊರಿ ಎಲೆಯನ್ನು ಟೇಬಲಿಗೆ ಒತ್ತಿ ಹಿಡಿದಳು.

"ಎಲೆ ಮಡಚಬೇಡ, ಚಂದ್ರಹಾಸ!"

ಮೊದಲ ಸಲ ಹೆಸರು ಹಿಡಿದು ಏಕವಚನ! ಅವನು ದಂಗಾದ. ಅವಳು ಪಕ್ಕದಲ್ಲೇ ಕೂತು, ತುತ್ತು ಕಲಸಿ, ಅಷ್ಟೂ ಜನರೆದುರು ಅವನ ಬಾಯಿಗಿಟ್ಟಳು.

"ಲೇ ತನೂ!!"

ರಾಡು ಬೀಸಿ ಬಂತು. ಮೊದಲ ಏಟಿಗೆ ಟೇಬಲಿನ ಮೂಲೆ ಸೀಳಿತು. ಎರಡನೆಯದು ಚಂದ್ರಹಾಸನ ಭುಜಕ್ಕೆ! ಮೂಳೆ ಲಟಕ್ಕೆಂದ ಸದ್ದು ಅವಳಿಗೆ ಕೇಳಿಸಿತು. ಅವನು ಹಲ್ಲು ಕಚ್ಚಿದ, ಏಳಲಿಲ್ಲ, ಕೈ ಎತ್ತಲೂ ಇಲ್ಲ.

ಮೂರನೇ ಏಟಿಗೆ ರಾಡು ಮೇಲೆದ್ದಾಗ ತನುಶ್ರೀ ಅದೇ ಎಲೆಯಿಂದ ಇನ್ನೊಂದು ತುತ್ತು ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ಅವನ ರಕ್ತ ಬಿದ್ದ ಎಲೆ, ಅವನು ಉಂಡ ಎಂಜಲು.

"ನೋಡ್ಕೋ ಅಣ್ಣ! ಇವನ ಎಲೇಲಿ ನಾನೂ ಉಂಡೆ. ಈ ಎಲೆ ಈಗ ನಂದೂ ಹೌದು. ನಾನಿನ್ನೂ ಎದ್ದಿಲ್ಲ. ಹೊಡಿ, ನನ್ನ ತಲೆಗೇ ಹೊಡಿ!"

ಹಾಲೇಶನ ಕೈ ಗಾಳಿಯಲ್ಲೇ ನಿಂತಿತು. ಮುಖ ಕಪ್ಪಿಟ್ಟಿತು. "ಮರ್ಯಾದೆ ಕಳೆದ್ಯಲ್ಲೇ... ಇಬ್ಬರನ್ನೂ ಇಲ್ಲೇ ಹೂತ್‌ಹಾಕ್ತೀನಿ!"

"ಚಿನ್ನಮ್ಮಾ, ನನಗೂ ಒಂದು ಎಲೆ ಹಾಕು."

ವಿಶಾಲಮ್ಮನ ದನಿ. ಶಾಂತವಾಗಿ ನಡೆದು ಬಂದು ಮಗನಿಗೂ ಆ ಇಬ್ಬರಿಗೂ ನಡುವೆ ಕುರ್ಚಿ ಎಳೆದುಕೊಂಡು ಕೂತಳು.

"ಅಮ್ಮಾ! ನೀನು ಅವನ ಕಡೆನಾ?"

"ಉಣ್ಣೋರ ಕಡೆ ಕಣೋ. ನಿಂಗೂ ಹಸಿವಾಗಿದ್ರೆ ರಾಡು ಹೊರಗಿಟ್ಟು ಬಾ."

ಐವರಲ್ಲಿ ಒಬ್ಬ ಕೈಯಲ್ಲಿದ್ದ ಚೈನ್ ಕೆಳಗೆ ಹಾಕಿದ. "ಅಮ್ಮೋರ ಎಲೆ ಮುಂದೆ ನಮ್ ಕೈಲಾಗಲ್ಲ ಹಾಲೇಶಣ್ಣ." ಒಬ್ಬೊಬ್ಬರಾಗಿ ಜಾರಿಕೊಂಡರು. ಹಾಲೇಶ್ ಹುಚ್ಚನಂತೆ ಗೋಡೆಗೆ ಬಡಿದ, ಕಂಬಕ್ಕೆ ಬಡಿದ, ಅಂಗೈ ಹರಿದು ರಕ್ತ ಬರುವವರೆಗೂ ಬಡಿದ. ತಾಯಿಯ ಮೇಲೆ ಮಾತ್ರ ಕೈ ಏಳಲಿಲ್ಲ.

ಜೀಪು ಬಂದಾಗ ಅವನು ನೆಲದ ಮೇಲೆ ಕೂತು ಅಳುತ್ತಿದ್ದ. ಪೊಲೀಸರು ಎಬ್ಬಿಸಿ ಕರೆದೊಯ್ದರು. ವಿಶಾಲಮ್ಮ ಬಾಗಿಲವರೆಗೂ ಹೋಗಿ ನೋಡಿದಳು. ಹೆತ್ತ ಕರುಳು... ಸೆರಗು ಬಾಯಿಗೆ ಒತ್ತಿಕೊಂಡು ನಿಂತೇ ಇದ್ದಳು.

ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ಬರುವವರೆಗೂ ತನುಶ್ರೀ ಬಟ್ಟೆ ಒದ್ದೆ ಮಾಡಿ ಚಂದ್ರಹಾಸನ ಹಣೆ ಒರೆಸಿದಳು. ಕಣ್ಣೀರು ನಿಲ್ಲುತ್ತಲೇ ಇರಲಿಲ್ಲ.

"ತುಂಬಾ ನೋಯ್ತಿದೆಯಾ?"

"ಹೂಂ."

"ಎಲ್ಲಿ? ಭುಜನಾ?"

"ಹೊಟ್ಟೆ. ಎಷ್ಟು ಬಡಿಸ್ದೆ ಮಾರಾಯ್ತಿ!"

ಅಳುತ್ತಲೇ ನಕ್ಕುಬಿಟ್ಟಳು. ಅವನ ಮುಖ ನಿಧಾನವಾಗಿ ಗಂಭೀರವಾಯಿತು.

"ತನು... ನಾನು ಸಾಕ್ಷಿ ಹೇಳೇ ಹೇಳ್ತೀನಿ. ನಿನ್ನಣ್ಣ ಅಂತ ಬಿಡೋಕಾಗಲ್ಲ. ನಾಗಯ್ಯ ಇನ್ನೂ ಎದ್ದು ನಡೀತಿಲ್ಲ. ಇದು ಗೊತ್ತಿದ್ದೂ... ನಾನು ಬೇಕಾ ನಿಂಗೆ?"

ಅವಳು ಬಾಗಿಲಲ್ಲಿ ನಿಂತಿದ್ದ ಅಮ್ಮನ ಬೆನ್ನು ನೋಡಿದಳು.

"ಪೊಲೀಸ್ರಿಗೆ ಫೋನ್ ಮಾಡಿದ್ದು ನಾನು. ಇವತ್ತು ಅವನು ಹೊಡೆದಿದ್ದನ್ನ ನಾನೂ ಹೇಳ್ಬೇಕು. ಒಬ್ಬಳೇ ಹೋಗೋಕೆ ಭಯ ಆಗುತ್ತೆ ಚಂದ್ರಹಾಸ. ಕೋರ್ಟಲ್ಲಿ ಪಕ್ಕ ನಿಲ್ತೀಯಾ?"

ಅವನು ಎಡಗೈಯಿಂದ ಅವಳ ಬೆರಳುಗಳನ್ನು ಹಿಡಿದುಕೊಂಡ.

"ಕೋರ್ಟಲ್ಲಿ ಅಷ್ಟೇನಾ?"

"ಅಲ್ಲ" ಎಂದಳು ತನುಶ್ರೀ, ಅವನ ಎದೆಗೆ ಹಣೆಯಿಟ್ಟು. "ಎಲ್ಲಾ ಕಡೆ."