ಬಲಗಡೆಯ ಆಂಪ್

ತನ್ನ ಗಿಟಾರ್ ಪೆಡಲ್‌ಗಳನ್ನು ಬೇರೆಯವರು ಮುಟ್ಟಿದರೆ ಪಟಾಕಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಬ್ಯಾಂಡಿನವರು ಅವಳಿಗೆ ಆ ಹೆಸರನ್ನು ಸುಮ್ಮನೆ ಇಟ್ಟಿರಲಿಲ್ಲ. ಸಂಜೆ ಕಾರ್ಯಕ್ರಮ. ಸೌಂಡ್‌ಚೆಕ್‌ಗೆಂದು ಗಿಟಾರ್ ಹೆಗಲಿಗೇರಿಸಿ ವೇದಿಕೆ ಹತ್ತಿದರೆ, ಪೆಡಲ್ ಹಲಗೆಯ ಮೇಲೆ, ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆಮತ್ತೆ ಕೇಳಿಸುವ ಲೂಪರ್, ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್, ಯಾವುದರ ವೈರೂ ಮೊದಲಿದ್ದ ಜಾಗದಲ್ಲಿರಲಿಲ್ಲ.

"ಯಾರು ಇದಕ್ಕೆ ಕೈ ಹಾಕಿದ್ದು?"

ಮೈಕ್ ಸರಿಮಾಡುತ್ತಿದ್ದ ಪಟಾಕಿಯ ಅಕ್ಕ ತಂಗಿಯ ಮುಖ ನೋಡಿದಳು. "ನಾನು ಟೀ ಕುಡ್ಕೊಂಡು ಬರ್ತೀನಪ್ಪ," ಎಂದು ಜಾಗ ಖಾಲಿ ಮಾಡಿದಳು.

ಇನ್ನೊಬ್ಬ ಗಿಟಾರಿಸ್ಟ್, ಎಲ್ಲರೂ ಮೌನಿ ಎನ್ನುವವನು, ಗಿಟಾರಿನ ಸದ್ದು ಹೊರಡುವ ಆಂಪ್ ಪೆಟ್ಟಿಗೆಯ ಹಿಂದಿನಿಂದ ಎದ್ದುನಿಂತ. ಮೊಣಕಾಲಿಗೆಲ್ಲ ಧೂಳು.

"ನಾನೇ. ಲೂಪರ್ ಡಿಸ್ಟಾರ್ಷನ್‌ಗಿಂತ ಮುಂಚೆ ಇತ್ತು. ನೀನು ಸೋಲೋಗೆ ಡಿಸ್ಟಾರ್ಷನ್ ತುಳಿದ್ರೆ, ಲೂಪ್‌ನಲ್ಲಿ ಸುತ್ತುತ್ತಿದ್ದ ಮೆತ್ತಗಿನ ಪೀಸೂ ಕಿರುಚ್ತಿತ್ತು. ಈಗ ನಿನ್ನ ಗಿಟಾರ್ ಎಡಗಡೆ ಆಂಪ್‌ಗೆ, ಲೂಪರ್ ಮಾತ್ರ ಬಲಗಡೆಗೆ. ಒಂದರ ತಂಟೆಗೆ ಇನ್ನೊಂದು ಬರಲ್ಲ."

"ನನ್ನನ್ನೊಂದು ಮಾತು ಕೇಳೋಕೇನಾಗಿತ್ತು?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಅದು ನಿಜವಾದ್ದರಿಂದ ಅವಳ ಕೋಪ ಇನ್ನಷ್ಟು ಏರಿತು. ಬಲಗಡೆಯ ಆಂಪ್ ಅವನದು. ಅದರಲ್ಲಿ ಲೂಪರ್ ಕೂತರೆ ಇವನು ಎಲ್ಲಿ ನುಡಿಸುತ್ತಾನೆ? ಅವಳು ಸುತ್ತ ನೋಡಿದಳು. ಅವನ ಗಿಟಾರ್ ಚೀಲದಿಂದ ಹೊರಗೇ ಬಂದಿರಲಿಲ್ಲ. ಹೊರಡುವವರ ಸಾಮಾನಿನ ಹಾಗೆ ಬಾಗಿಲ ಪಕ್ಕ ಒರಗಿತ್ತು.

ಅವಳು ಲೂಪರ್ ತುಳಿದಳು. ತಾನಿನ್ನೂ ಒಂದು ಸ್ವರವನ್ನೂ ನುಡಿಸಿರಲಿಲ್ಲ, ಆದರೂ ಬಲಗಡೆಯಿಂದ ಅವನ ಭಾಗ ಬರತೊಡಗಿತು. ಅವನ ಬೆರಳಿನದೇ ನಾದ. ತಾಳ ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಅವಳು ಅವನ ಕಡೆ ತಿರುಗಿದಳು.

"ಏನಿದು?"

"ಅವತ್ತು ಪ್ರಾಕ್ಟೀಸ್‌ನಲ್ಲಿ ನೀನೇ ಅಂದೆಯಲ್ಲ. 'ನಿನ್ನ ಜಾಗದಲ್ಲಿ ಒಂದು ಲೂಪರ್ ಇಟ್ರೂ ಸಾಕು, ಅದಾದ್ರೂ ತಾಳ ತಪ್ಪಲ್ಲ' ಅಂತ. ಇಟ್ಟಿದ್ದೀನಿ."

"ಕೋಪ ಬಂದಾಗ ನೂರು ಅಂತೀನಿ! ಅದನ್ನೆಲ್ಲ ವೈರಿಂಗ್ ಮಾಡ್ಕೊಂಡು ಬರ್ತೀಯಾ? ಬೈದ್ರೆ ತಿರುಗಿ ಬೈಯೋಕೆ ಬಾಯಿಲ್ವಾ ನಿಂಗೆ?"

ಅವನು ಬಗ್ಗಿ ನೆಲದಲ್ಲಿದ್ದ ವೈರೊಂದನ್ನು ಸುತ್ತತೊಡಗಿದ. ಈ ಸುಮ್ಮನಿರುವಿಕೆಯೇ ಅವಳ ತಲೆ ಕೆಡಿಸುತ್ತಿದ್ದದ್ದು. ಜಗಳಕ್ಕೆ ನಿಂತರೆ ಜಗಳವಾಡಬಹುದು. ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿಟ್ಟು ಹೊರಟುಬಿಡುವವನನ್ನು ಏನು ಮಾಡುವುದು? ಇವನಿಲ್ಲದ ವೇದಿಕೆ ಅವಳಿಗೆ ಬೇಡವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲಾಗದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು.

"ಇಷ್ಟು ಸರಿಯಾಗಿ ನುಡಿಸೋಕೆ ಬರುತ್ತೆ," ಎಂದಳು, ಹಲ್ಲು ಕಚ್ಚಿ. "ಮತ್ತೆ ಸ್ಟೇಜ್ ಮೇಲೆ ಯಾಕೆ ತಪ್ತೀಯಾ? ಪ್ರತಿ ಸಲ, ಅದೇ ಜಾಗದಲ್ಲಿ?"

ಅವನು ಕೈಯಲ್ಲಿದ್ದ ವೈರನ್ನು ಬಿಚ್ಚಿ ಮತ್ತೆ ಸುತ್ತಿದ.

"ಸೋಲೋ ಮುಗಿಸಿ ನೀನು ಕಣ್ಣೆತ್ತಿ ನನ್ನ ಕಡೆ ನೋಡ್ತೀಯಲ್ಲ," ಎಂದ ಕೊನೆಗೆ. "ಆಗ ಕೈ ನಿಂತುಬಿಡುತ್ತೆ. ಇದನ್ನ ರೆಕಾರ್ಡ್ ಮಾಡ್ವಾಗ ಗೋಡೆ ನೋಡ್ಕೊಂಡು ಕೂತಿದ್ದೆ."

ಬಲಗಡೆಯ ಆಂಪ್ ಒಂದೇ ಸಮನೆ ನುಡಿಯುತ್ತಲೇ ಇತ್ತು. ಪಟಾಕಿಯ ಕಿವಿ ಕೆಂಪಾಯಿತು. ಬೂಟುಗಾಲಿನಿಂದ ಲೂಪರನ್ನು ಒತ್ತಿಹಿಡಿದಳು. ಅದರ ದೀಪ ಮಿಣುಕಿ ಆರಿತು, ಹಾಲ್ ನಿಶ್ಶಬ್ದವಾಯಿತು.

"ಅಳಿಸಿಬಿಟ್ಯಾ?" ಅವನಿಗೆ ಗಾಬರಿ. "ಇಡೀ ವಾರ ಕೂತು ಮಾಡಿದ್ದು ಅದು!"

"ಅಳಿಸಿದೆ. ಗಿಟಾರ್ ತೆಗಿ."

"ಮತ್ತೆ ತಾಳ ತಪ್ಪುತ್ತೆ."

"ತಪ್ಪಲಿ. ಬೈತೀನಿ. ಇವತ್ತೂ ಬೈತೀನಿ, ನಾಳೆನೂ ಬೈತೀನಿ, ಹಲ್ಲು ಉದುರಿ ಮುದುಕಿ ಆದ್ಮೇಲೂ ಬೈತೀನಿ. ಅಷ್ಟು ದಿನ ಎದುರಿಗಿರೋಕೆ ಆಗುತ್ತೋ ಇಲ್ವೋ, ಈಗ್ಲೇ ಹೇಳು."

ಮೌನಿ ಬಾಗಿಲ ತನಕ ಓಡಿಯೇ ಹೋದ, ಚೀಲದ ಜಿಪ್ ಎಳೆದು ಗಿಟಾರ್ ಹೊರತೆಗೆದ.