ಹಲಗೆಯ ಮೇಲಿನ ಹಿಮ್ಮಡಿ

ಆಸ್ಪತ್ರೆಯ ಕಂಪ್ಯೂಟರ್ ಪರದೆಯ ಮೇಲೆ ಬೆಳಕಿನ ಎಳೆಗಳ ಗೊಂಬೆಯೊಂದು ತುದಿಗಾಲಿನಲ್ಲಿ, ಮೊಣಕಾಲು ಬಗ್ಗಿಸಿಕೊಂಡು, ದ್ಯಾಮಕ್ಕನ ನಡಿಗೆಯನ್ನೇ ನಡೆಯುತ್ತಿತ್ತು. ಎರಡು ಸಾವಿರದ ಅರವತ್ತರ ಆಸುಪಾಸಿನಲ್ಲಿ ಕೊಪ್ಪಳದ ಕಡೆ ನಡೆದ ಸಂಗತಿಯಿದು.

“ಥೇಟ್ ನಿನ್ನಂಗ ನಡಿತೈತಲ್ಲ ಯವ್ವಾ,” ಎಂದ ತಂದೆ ಗೋವಿಂದಪ್ಪ. ತಲೆಮಾರುಗಳಿಂದ ತೊಗಲುಗೊಂಬೆ ಆಡಿಸಿದ ಮನೆತನ ಅವನದು.

“ನನಗಿಂತ ಪುಣ್ಯವಂತಿ ಅದು. ಲಗೂ ಬಾ ಅಂತ ಯಾರೂ ಬೈಯಾಂಗಿಲ್ಲ,” ಎಂದಳು ದ್ಯಾಮಕ್ಕ.

ಹುಟ್ಟುವಾಗ ಮಿದುಳಿಗೆ ತಗುಲಿದ ಪೆಟ್ಟಿನಿಂದ ಅವಳಿಗೆ ಸೆರೆಬ್ರಲ್ ಪಾಲ್ಸಿ ಬಂದಿತ್ತು. ಅವಳ ಸ್ನಾಯುಗಳನ್ನು ಮೆಲ್ಲನೆ ಎಳೆದರೆ ಒಪ್ಪುತ್ತಿದ್ದವು. ಸರಕ್ಕನೆ ಎಳೆದರೆ ತಾವಾಗಿಯೇ ಬಿಗಿದುಕೊಳ್ಳುತ್ತಿದ್ದವು. ಯಾವ ಸ್ನಾಯು ಎಷ್ಟು ವೇಗಕ್ಕೆ ಎಷ್ಟು ಬಿಗಿಯುತ್ತದೆಂದು ಯಂತ್ರದಿಂದ ಅಳೆದು, ಡಾಕ್ಟರ್ ಸಬೀಹಾ ಮುಲ್ಲಾ ಆ ಲೆಕ್ಕಗಳಿಂದಲೇ ಗೊಂಬೆ ಕಟ್ಟಿದ್ದರು. ಶಸ್ತ್ರಚಿಕಿತ್ಸೆ ಮೊದಲು ಗೊಂಬೆಗೆ, ಆಮೇಲೆ ಮನುಷ್ಯರಿಗೆ.

ಸಬೀಹಾ ಗೊಂಬೆಯ ಮೀನಖಂಡದ ಸ್ನಾಯುವನ್ನು ಉದ್ದ ಮಾಡಿದರು. ಹಿಮ್ಮಡಿ ನೆಲ ಮುಟ್ಟಿತು, ನಡಿಗೆ ಚೆಂದವಾಯಿತು. ಗೋವಿಂದಪ್ಪ ಕೈಮುಗಿದ.

ದ್ಯಾಮಕ್ಕ ಕೈಮುಗಿಯಲಿಲ್ಲ. ಗೊಂಬೆಯಾಟದಲ್ಲಿ ಪರದೆಯ ಹಿಂದೆ ಕುಳಿತವರು ಹಿಮ್ಮಡಿಯಿಂದ ಮರದ ಹಲಗೆ ಬಡಿದು ಯುದ್ಧದ ಸದ್ದು ಹೊರಡಿಸುತ್ತಾರೆ. ಆ ಬಡಿತದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಯುದ್ಧದ ನಡುವೆಯೇ ತೊಡೆಯ ಹಿಂದಿನ ಸ್ನಾಯು ಸೆಟೆದು ಕಾಲನ್ನು ಹಿಂದಕ್ಕೆಳೆಯುತ್ತಿತ್ತು. ರಾವಣನನ್ನು ಉರುಳಿಸುವ ಕಡೆಯ ಹೊಡೆತ ಯಾವಾಗಲೂ ಅಪ್ಪನ ಪಾಲಾಗುತ್ತಿತ್ತು. ಆ ಹೊಡೆತವನ್ನು ತನ್ನದಾಗಿಸಿಕೊಳ್ಳಲೆಂದೇ ಅವಳು ಇಲ್ಲಿಗೆ ಬಂದಿದ್ದಳು.

“ಅದನ್ನ ಕುಂದರಿಸಿ ಹಲಗಿ ಬಡಸ್ರಿ, ಮೇಡಂ.”

“ಈ ಗೊಂಬಿಗೆ ನಡಿಯೂದಷ್ಟ ಕಲಿಸೀವಿ, ದ್ಯಾಮಕ್ಕ.”

“ನಾ ಬರೇ ನಡಿಯಾಕ ಹುಟ್ಟೀನೇನ್ರಿ?”

ಸಬೀಹಾ ಗೊಂಬೆಯ ಲೆಕ್ಕಗಳನ್ನು ಮತ್ತೆ ತೆರೆದರು. ಮರುವಾರ ಗೊಂಬೆ ಕುಳಿತುಕೊಳ್ಳಲು ಕಲಿಯಿತು. ಮೀನಖಂಡ ಸಡಿಲಿಸಿದ ಕಾಲಿನ ಹಿಮ್ಮಡಿ ಪುಟಿಯುವ ಬಿಗಿಯಿಲ್ಲದೆ ಹಲಗೆಯ ಮೇಲೆ ಸೋತು ಬಿದ್ದುಕೊಂಡಿತು. ಮೀನಖಂಡವನ್ನು ಮೊದಲಿನಂತೆಯೇ ಬಿಟ್ಟು, ತೊಡೆಯ ಹಿಂದಿನ ಸ್ನಾಯುವನ್ನಷ್ಟೇ ತುಸು ಸಡಿಲಿಸಿದಾಗ ಹಿಮ್ಮಡಿ ಪುಟಿದೆದ್ದು ಬಡಿಯಿತು, ಬಡಿಯುತ್ತಲೇ ಇತ್ತು.

“ಹಾಂ. ಈಗ ರಾವಣ ಸಾಯ್ತಾನ,” ಎಂದಳು ದ್ಯಾಮಕ್ಕ.

“ಇಷ್ಟು ವರ್ಷ ನಾ ಕೊಂದದ್ದು ಯಾರನ್ನ ಹಂಗಾರ?” ಎಂದು ಗೊಣಗಿದ ಗೋವಿಂದಪ್ಪ.

ದ್ಯಾಮಕ್ಕನ ಕಾಲಿಗೂ ಅದೇ ಶಸ್ತ್ರಚಿಕಿತ್ಸೆಯಾಯಿತು. ಆ ಸುಗ್ಗಿಯಲ್ಲಿ ಶಾಲೆಯ ಅಂಗಳದಲ್ಲಿ ಹಲಗೆ ಗುಡುಗಿತು. ದ್ಯಾಮಕ್ಕನ ಕಡೆಯ ಹೊಡೆತಕ್ಕೆ ಮುಂದೆ ಕುಳಿತಿದ್ದ ಸಬೀಹಾ ಬೆಚ್ಚಿಬಿದ್ದರು. ರಾವಣ ಉರುಳಿದ ಮೇಲೆ ದ್ಯಾಮಕ್ಕ ಪರದೆ ಸರಿಸಿ, ಅದೇ ತುದಿಗಾಲಿನಲ್ಲಿ ನಡೆದುಬಂದು ಜನರಿಗೆ ನಮಸ್ಕರಿಸಿದಳು. ಅವಳ ನಡಿಗೆಯನ್ನು ಅಂದು ಯಾರೂ ಗಮನಿಸಲಿಲ್ಲ.

ಅಂದಿನಿಂದ ಸಬೀಹಾರ ಯಂತ್ರ ಅಳತೆ ಹಿಡಿಯುವ ಮೊದಲು, ‘ನಿಮಗೆ ಏನು ಮಾಡುವ ಆಸೆಯಿದೆ?’ ಎಂದು ಕೇಳುತ್ತದೆ. ಅಷ್ಟನ್ನು ಕೇಳಲು ಯಂತ್ರ ಹುಟ್ಟುವವರೆಗೂ ಕಾಯಬೇಕಾಗಿರಲಿಲ್ಲ.