ಹನುಮಪ್ಪನ ಮುಂದಿಟ್ಟ ಮುಖವಾಡ

ಮುಖವಾಡ ಮಾಯವಾಗಿತ್ತು. ಪಂದ್ಯಕ್ಕೆ ಅರ್ಧ ಗಂಟೆಯಷ್ಟೇ ಉಳಿದಿತ್ತು!

ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ ಪ್ರತಿ ವರ್ಷದ ಕೊನೆಗೆ ಮೆಕ್ಸಿಕೋ ಶೈಲಿಯ ಮುಖವಾಡದ ಕುಸ್ತಿ ನಡೆಯುತ್ತದೆ. ೨೦೦೩ರ ಕೊನೆಯ ಜೋಡಿ ನನ್ನ ಗೆಳೆಯ ಗುರುಬಸಪ್ಪ ಮತ್ತು ಜರ್ಮನ್ ಪೈಲ್ವಾನ ಕ್ಲೌಸ್. ಸೋತವನು, ಆರಕ್ಕೆ ಸರಿಯಾಗಿ ಮುಖವಾಡ ಹಾಕಿಕೊಂಡು ಬಾರದವನೂ ಸಹ, ಜನರೆದುರು ಬರಿಮುಖದಲ್ಲಿ ನಿಲ್ಲಬೇಕು. ಗುರುಬಸಪ್ಪ ಜರ್ಮನಿಯವರು ಕಂಪ್ಯೂಟರ್ ಕೆಲಸದವರಿಗೆ ಕೊಡುವ ಗ್ರೀನ್ ಕಾರ್ಡಿನ ಮೇಲೆ ಬಂದ ಎಂಜಿನಿಯರ್. ಕಂಪ್ಯೂಟರ್ ಕೆಲಸ ಬಿಟ್ಟು ಬೇರೆ ದುಡಿಮೆ ಮಾಡುವಂತಿಲ್ಲ. ಪೇಪರಿನಲ್ಲಿ ಮುಖ ಬಂದರೆ ವೀಸಾಕ್ಕೆ ಎಳ್ಳುನೀರು.

ಕ್ಲೌಸ್‌ನದೇ ಕೆಲಸ ಎಂದು ಅವನ ಚೀಲ ಜಾಲಾಡಿದೆ. ಸಿಕ್ಕಿದ್ದು ಟವೆಲ್ಲು, ಅರ್ಧ ತಿಂದ ಸೇಬು. ಅವನು ಮೊಣಕಾಲುದ್ದದ ಬೂಟು ಬಿಗಿದುಕೊಂಡು ಸುಮ್ಮನೆ ನೋಡುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

ಪಂದ್ಯದ ಡಾಕ್ಟರ್ ಪ್ರೇಮಕುಮಾರಿ ಮೂಲತಃ ಹುಬ್ಬಳ್ಳಿಯವರು, ಇಲ್ಲಿ ಇಪ್ಪತ್ತೈದು ವರ್ಷ ಕಳೆದವರು. ಗುರುಬಸಪ್ಪ ಮುಖವಾಡವನ್ನು ತನ್ನ ಕೋಣೆಯ ಹನುಮಪ್ಪನ ಫೋಟೋದ ಮುಂದಿಟ್ಟು ತೂಕ ನೋಡಿಸಲು ಹೋಗಿದ್ದ ಹತ್ತು ನಿಮಿಷದಲ್ಲಿ ಯಾರ‍್ಯಾರು ಎಲ್ಲಿದ್ದರೆಂದು ವಿಚಾರಿಸಿದರು. ನಾನು ಅವರ ಜೊತೆಗೇ ರಿಂಗಿನ ಹಗ್ಗ ಬಿಗಿಯುತ್ತಿದ್ದೆ. ಕ್ಲೌಸ್ ಪಕ್ಕದ ಕೋಣೆಯಲ್ಲಿದ್ದ. ಗುರುಬಸಪ್ಪನ ಹೆಂಡತಿ ಉಷಾ ಆಗಷ್ಟೇ ಹಿಮದಲ್ಲಿ ನಡೆದು ಬಂದಿದ್ದಳು. ಆಮೇಲೆ ಡಾಕ್ಟರು ಆ ಕೋಣೆಯ ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಇಲ್ಲಿ ಹೊತ್ತು ಮೀರುತ್ತಿದೆ, ಇವರು ನೆಲ ನೋಡುತ್ತಿದ್ದಾರೆ!

ಗಂಟೆ ಹೊಡೆಯಿತು. ಆರು. ಗಡುವು ಮುಗಿದಿತ್ತು.

"ಬಾಳಪ್ಪಾ, ಹೊಸ್ತಿಲ ಹೊರಗ ಏನೈತಿ?" ಡಾಕ್ಟರು ನನ್ನನ್ನು ಕೇಳಿದರು.

"ನೀರು."

"ಹಿಮ ಕರಗಿದ ನೀರು. ಜೋಡಿ ಬೂಟಿನ ಗುರುತು. ಒಳಗ ಒಂದರ ಕೆಸರಿನ ಹೆಜ್ಜಿ ಐತೇನು?"

ಇರಲಿಲ್ಲ.

"ಮುಖವಾಡ ಇದ್ದದ್ದು ಹನುಮಪ್ಪನ ಫೋಟೋದ ಮುಂದ. ಕ್ಲೌಸ್ ಆಗಿದ್ರ ಬೂಟ್ ಹಾಕ್ಕೊಂಡೇ ನುಗ್ತಿದ್ದ. ಕದಿಯಾಕ ಬಂದ್ರೂ ದೇವರ ಮುಂದ ಬೂಟ್ ಕಳಚೋರು ನಮ್ಮವರ. ಗುರುಬಸಪ್ಪ ಮಧ್ಯಾಹ್ನದಿಂದ ಬರಿಗಾಲಾಗ ಅದಾನ. ನೀ ನನ್ನ ಜೋಡಿ ಇದ್ದಿ. ಉಳದಾಕಿ ಒಬ್ಬಾಕಿನ."

ಉಷಾ ಕೈಚೀಲ ತೆರೆದಳು. ಮುಖವಾಡ ಅದರಲ್ಲೇ ಇತ್ತು.

"ಸೋತ್ರ ಇವರ ಮಾರಿ ಎಲ್ಲಾರಿಗೂ ಕಾಣ್ತಿತ್ರಿ. ಕುಸ್ತಿನ ನಡೀದಿದ್ರ ಕಾಣೂದಿಲ್ಲ ಅಂದ್ಕೊಂಡೆ" ಎಂದಳು. ಬಾರದವನಿಗೂ ಅದೇ ಶಿಕ್ಷೆ ಎಂಬುದು ಆಕೆಗೆ ಗೊತ್ತಿರಲಿಲ್ಲ.

ಗುರುಬಸಪ್ಪ ಆಕೆಯ ಚೀಲದಿಂದ ಮುಖವಾಡ ಎತ್ತಿಕೊಂಡ.

"ಈ ವರ್ಷ ನನ್ನ ಗೆಲ್ಲಸೂದು ಅಂತ ಮೊದಲ ಮಾತಾಗಿತ್ತು ಉಷಾ. ಹೆಂಡ್ತಿಗೂ ಹೇಳಬ್ಯಾಡ ಅಂತ ಪಂದ್ಯ ನಡಸೋರು ಅಂದಿದ್ರು."

ಮುಖವಾಡವನ್ನು ಕೈಯಲ್ಲಿ ಹಿಡಿದು ಬರಿಮುಖದಲ್ಲೇ ರಿಂಗಿಗೆ ಹೋದ. ಪೇಪರಿನವನು ಫೋಟೋ ಹೊಡೆದು ಹೆಸರು ಕೇಳಿದ. ಮುಖವೇ ಕಂಡ ಮೇಲೆ ಇನ್ನೇನು ಎಂಬಂತೆ ಗುರುಬಸಪ್ಪ ತಂದೆಯ ಹೆಸರು, ಊರು ಎಲ್ಲ ಸೇರಿಸಿ ಪೂರ್ತಿ ಹೇಳಿದ.